ಐಸನ್ನು ಮೊದಲು ಹಾಕಿದ ನಖ್ಲೆ

ಕಳೆದ ಬೇಸಿಗೆಯ ಒಂದು ಭಾನುವಾರ, ಬರ್ದೌನಿ ಹೊಳೆಯ ದಂಡೆಯಲ್ಲಿ ಊಟಕ್ಕೆ ಕೂತಾಗ, ನಖ್ಲೆ ತನ್ನ ಲೋಟವನ್ನು ಬೋರಲು ಹಾಕಿದ. ಜಹ್ಲೆಯಂಥ ಊರಿನಲ್ಲಿ ಎಪ್ಪತ್ತೆರಡರ ಗಂಡಸು ನಮ್ಮ ಸೋಂಪಿನ ಸಾರಾಯಿ ಅರಾಕ್ ಬೇಡವೆನ್ನಲು ನಮಗೆ ಗೊತ್ತಿದ್ದ ಕಾರಣ ಒಂದೇ: ಮನೆಯಲ್ಲಿ ಸಾವು. ಇದನ್ನು ಬರೆಯುತ್ತಿರುವವನೂ ಹಾಗೆಯೇ ತಿಳಿದು, ಮರುದಿನ ಆ ಸೆಕೆಯಲ್ಲಿ ಕರಿಕೋಟು ಏರಿಸಿ, ಮುಖ ಇಳಿಬಿಟ್ಟುಕೊಂಡು ಅವನ ಮನೆಗೆ ಹೋದ. ದೇವರು ಸಮಾಧಾನ ಕೊಡಲಿ ಎಂದು ಕೈ ಹಿಡಿದದ್ದೇ ತಡ, ನಖ್ಲೆ ಬಿಳಿಚಿಕೊಂಡು ಹೆಂಡತಿಯ ಕಡೆ ತಿರುಗಿದ.

"ಅದ್ಲಾ, ಯಾರೇ ಹೋದ್ರು? ಅದನ್ನೂ ಮರೆತುಬಿಟ್ನಾ ನಾನು?"

ಅದ್ಲಾ ಒಳಗೆ ಹೋಗಿ, ಸಕ್ಕರೆ ಸುರಿದ ಕಾಫಿ ತಂದಿಟ್ಟಳು. ಸಾವಿನ ಮನೆಯಲ್ಲಿ ಕಾಫಿ ಕಹಿಯಾಗಿಯೇ ಇರುತ್ತದೆ. ಬಂದವನ ಕೋಟು ಬಿಚ್ಚಿತು, ನಿಜಸಂಗತಿಯೂ ಬಿಚ್ಚಿಕೊಂಡಿತು.

ನಖ್ಲೆಯ ಮನೆತನ ನಾಲ್ಕು ತಲೆಮಾರಿನಿಂದ ಅರಾಕ್ ಇಳಿಸುತ್ತ ಬಂದದ್ದು. ಮನೆಯ ಕೆಳಗಿನ ಅಂಗಳದಲ್ಲಿ ಮುತ್ತಜ್ಜನ ಕಾಲದ ತಾಮ್ರದ ಭಟ್ಟಿ. ಅದಕ್ಕೆ ಹಕ್ಕುಪತ್ರವೆಂಬುದಿಲ್ಲ, ಮನೆತನದಲ್ಲಿ ಯಾರ ಕೈ ಪಳಗಿದೆಯೋ ಅವರದು ಭಟ್ಟಿ. ನಲವತ್ತು ವರ್ಷದಿಂದ ಆ ಕೈ ನಖ್ಲೆಯದು. ಮಧ್ಯಾಹ್ನ ಎರಡು ಲೋಟ, ಸಂಜೆ ಎರಡು ಲೋಟ. ಒಂದು ದಿನವೂ ತೂರಾಡಿದವನಲ್ಲ, ಒಂದು ದಿನವೂ ತಪ್ಪಿಸಿದವನಲ್ಲ.

ಹೀಗಿದ್ದವನು ವಸಂತದ ಒಂದು ಊಟದಲ್ಲಿ, ಹತ್ತು ಜನರ ಕಣ್ಣೆದುರಿಗೆ, ಅರಾಕಿಗೆ ನೀರಿಗಿಂತ ಮೊದಲು ಐಸು ಹಾಕಿಬಿಟ್ಟ. ನೀರು ಮೊದಲು, ಐಸು ಆಮೇಲೆ: ನಮ್ಮಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ತಪ್ಪಿದರೆ ಸೋಂಪಿನ ಎಣ್ಣೆ ಹೆಪ್ಪುಗಟ್ಟಿ ಲೋಟದ ಮೇಲೆ ಪೊರೆ ಕಟ್ಟುತ್ತದೆ. ಕಟ್ಟಿತು. ಚಿಕ್ಕಪ್ಪನ ಮಗ ಶಫೀಕ್ ಏನೂ ಆಡದೆ ಆ ಲೋಟವನ್ನು ಸರಿಸಿ ಹೊಸದೊಂದನ್ನು ಇಟ್ಟ. ಬೈದಿದ್ದರೆ ವಾಸಿಯಿತ್ತು. ಶಫೀಕನೆಂದರೆ ಮೇಜಿನ ತುದಿಯ ಕುರ್ಚಿಗಾಗಿಯೇ ಹುಟ್ಟಿದವ. ಪ್ರತಿ ಲೋಟಕ್ಕೂ ಒಂದು ಭಾಷಣವಿಲ್ಲದೆ ಅವನ ಗಂಟಲಲ್ಲಿ ಅರಾಕ್ ಇಳಿಯುವುದಿಲ್ಲ. ಅಂಥವನು ಸುಮ್ಮನಿದ್ದನೆಂದರೆ ಭಟ್ಟಿಯ ಮೇಲೆ ಕಣ್ಣು ಬಿತ್ತೆಂದೇ ಅರ್ಥ.

ಆಮೇಲೆ ಅದ್ಲಾ ಒಂದೊಂದೇ ನೆನೆಸಿಕೊಂಡಳು. ಹೋದ ವರ್ಷ ಒಂದೇ ಹಂಡೆಗೆ ಎರಡು ಸಲ ಸೋಂಪು ಸುರಿದದ್ದು. ಚರ್ಚಿನಿಂದ ಮನೆಗೆ ಬರುವ ದಾರಿ ತಿಳಿಯದೆ ನಡುಬೀದಿಯಲ್ಲಿ ನಿಂತುಬಿಟ್ಟದ್ದು. ಗಂಡನ ತೋಳು ಹಿಡಿದು, ಅವನ ಅಕ್ಕನ ಮಗಳು ಡಾಕ್ಟರ್ ಸೌಸನ್ ಎದುರು ಕೂರಿಸಿದಳು.

ಲೆಕ್ಕ ಹಾಗೇ ಇದೆ, ಹೆಚ್ಚು ಕುಡಿದಿಲ್ಲ ಎಂದು ನಖ್ಲೆ ವಾದಿಸಿದ.

"ಖಾಲೋ, ಲೋಟ ಅಷ್ಟೇ ಇದೆ, ನೀರು ಕಮ್ಮಿಯಾಗಿದೆ," ಎಂದಳು ಸೌಸನ್ ಸೋದರಮಾವನಿಗೆ. "ವಯಸ್ಸಾದ ಹಾಗೆ ಮೈಯಲ್ಲಿರೋ ನೀರು ಆರತ್ತೆ. ನಲವತ್ತರಲ್ಲಿ ಬೆರೆತು ಹೋಗ್ತಿದ್ದದ್ದು ಈಗ ಗಟ್ಟಿಯಾಗೇ ಮಿದುಳಿಗೆ ಏರತ್ತೆ. ತೂರಾಡದೇ ಇದ್ರೂ ಒಳಗೆ ಸವೀತಾ ಇರತ್ತೆ."

ಅರಾಕ್ ಇಳಿಸುವವನಿಗೆ ನೀರಿನ ಪ್ರಮಾಣದ ಮಾತು ತಟ್ಟದೆ ಇರುತ್ತದೆಯೇ? ತಟ್ಟಿತು. ಆದರೂ ಕೊನೆಯ ಬಾಣವೊಂದು ಉಳಿದಿತ್ತು. ತನ್ನಜ್ಜ ತೊಂಬತ್ನಾಲ್ಕರವರೆಗೆ ಕುಡಿದೇ ಬದುಕಿದ್ದನಲ್ಲ ಎಂದ.

"ಬದುಕಿದ್ರು. ಕೊನೇ ಹತ್ತು ವರ್ಷ ಸ್ವಂತ ಮಗನ್ನೇ ನೋಡಿ 'ಯಾರಪ್ಪಾ ನೀನು' ಅಂತಿದ್ರಂತೆ. ಆ ಅರ್ಧ ಕತೇನ ನಿಮ್ಮ ಮನೇಲಿ ಯಾರೂ ಹೇಳಲ್ಲ."

ನಖ್ಲೆ ತಲೆ ತಗ್ಗಿಸಿದ. ಆ ಮಗ ಅವನ ಅಪ್ಪ.

ಒಂದೇ ಏಟಿಗೆ ಬಿಟ್ಟರೆ ಅಪಾಯವೆಂದು ಅವಳು ವಾರವಾರವೂ ಇಳಿಸುತ್ತ ಬರಲು ಹೇಳಿದಳು, ವಿಟಮಿನ್ನಿನ ಚುಚ್ಚುಮದ್ದು ಬರೆದುಕೊಟ್ಟಳು, ಭರವಸೆಯನ್ನು ಮಾತ್ರ ಕೊಡಲಿಲ್ಲ: ಕೆಲವು ನೆನಪು ಮರಳಬಹುದು, ಹೋದದ್ದರಲ್ಲಿ ಕೆಲವು ಹೋದಹಾಗೇ. ಆರು ವಾರದ ಕೊನೆಗೆ ಬಂದದ್ದೇ ಆ ಬೋರಲು ಲೋಟದ ಭಾನುವಾರ.

ಊರು ಬಿಡುತ್ತದೆಯೇ? ಕ್ಷೌರದಂಗಡಿಯಲ್ಲಿ ಅವನಿಗೆ ಹಾಲು ತರಿಸುವರು. ದೇಶಾಂತರದಲ್ಲಿರುವ ಮಗ ಫಾರಿಸನ ಹೆಸರಿನಿಂದ ಅಬು ಫಾರಿಸ್, ಎಂದರೆ ಫಾರಿಸನ ಅಪ್ಪ, ಎಂದು ಕರೆಯುತ್ತಿದ್ದವರು ಈಗ ಅಬು ನೀರು ಎನ್ನತೊಡಗಿದರು. ನಖ್ಲೆ ಆ ಹೆಸರಿಗೂ ಓಗೊಟ್ಟ. ಶಫೀಕನಂತೂ ಚರ್ಚಿನ ಮೆಟ್ಟಿಲ ಮೇಲೆಯೇ ತೀರ್ಪು ಕೊಟ್ಟ.

"ಕುಡಿಯದೋನು ಅರಾಕ್ ಇಳಿಸೋದು ಅಂದ್ರೆ ಸನ್ಯಾಸಿ ಹೆರಿಗೆ ಮಾಡಿಸಿದ ಹಾಗೆ. ಈ ಸಲ ಭಟ್ಟಿ ನನಗೆ ಬಿಡು, ಅಬು ಫಾರಿಸ್. ಮನೆತನದ ಹೆಸರು ಉಳೀಲಿ."

ಬೆಂಕಿ ಹಾಕುವ ದಿನ ಬಾ, ಅಲ್ಲೇ ನೋಡೋಣ, ಎಂದ ನಖ್ಲೆ.

ಅಕ್ಟೋಬರಿನಲ್ಲಿ ಭಟ್ಟಿಗೆ ಬೆಂಕಿ ಬಿತ್ತು. ಮೂರನೆಯ, ಕೊನೆಯ ಸಲ ಇಳಿಸುವ ದಿನ ನೆಂಟರಿಷ್ಟರು ಸೇರಿ, ಅದೇ ಕೆಂಡದಲ್ಲಿ ಮಾಂಸ ಸುಡುತ್ತ, ಬಿಸಿ ಅರಾಕನ್ನು ಹೀರುವುದು ವಾಡಿಕೆ. ಶಫೀಕ್ ಹಿಂಬಾಲಕರೊಂದಿಗೆ ಬಂದು ಕುರ್ಚಿ ಎಳೆದುಕೊಂಡ. ಬಂದವನ ಕಣ್ಣು ಗೋಡೆಯ ಮೇಲೆ ಬಿತ್ತು. ಅಲ್ಲಿ ನಖ್ಲೆ ಪ್ರತಿ ಹಂತವನ್ನೂ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಅವನಪ್ಪ ಒಂದಕ್ಷರ ಬರೆದವನಲ್ಲ; ಬರೆಯುವವನಿಗೆ ಕಸುಬು ಬಾರದು ಎನ್ನುತ್ತಿದ್ದ. ಶಫೀಕ್ ಎದ್ದು ನಿಂತು, ಪಾದ್ರಿಯ ರಾಗದಲ್ಲಿ ಓದಿದ: "ಸೋಂಪು ಹಾಕಿದೆ, ಸೋಮವಾರ. ಮತ್ತೆ ಹಾಕಬೇಡ, ಕತ್ತೆ."

ಅಂಗಳವೆಲ್ಲ ನಕ್ಕಿತು.

"ಇನ್ನೂ ಜೋರಾಗಿ ಓದು," ಎಂದ ನಖ್ಲೆ. "ನಂಗೂ ನೆನಪಿರತ್ತೆ."

ಭಟ್ಟಿಯಿಂದ ಮೊದಲು ಇಳಿಯುವುದು ತಲೆ, ಅದು ವಿಷ. ಕೊನೆಗೆ ಬರುವುದು ಬಾಲ, ಅದು ಹೊಲಸು. ನಡುವಿನ ಎದೆಯಷ್ಟೇ ಅರಾಕ್. ಎದೆ ಮುಗಿದು ಬಾಲ ತೊಡಗುವ ಗಳಿಗೆಯನ್ನು ಹಿಡಿಯುವುದರಲ್ಲೇ ಕಸುಬಿರುವುದು. ನಖ್ಲೆ ತೊಟ್ಟಿಕ್ಕುವುದನ್ನು ಅಂಗೈಗೆ ಹಿಡಿದ, ತಿಕ್ಕಿದ, ಮೂಸಿದ. ನಾಲಿಗೆಗೆ ಮುಟ್ಟಿಸಿ ಉಗಿದ. ಮತ್ತೆ ಮೂಸಿದ. ತಪ್ಪಿದರೆ ಭಟ್ಟಿ ಅಂದೇ ಕೈಬಿಡುತ್ತಿತ್ತು.

"ಸಾಕು. ಕೊಡ ಬದಲಾಯಿಸಿ," ಎಂದ.

ಶಫೀಕ್ ಆಗಲೇ ನಾಲ್ಕನೆಯ ಲೋಟದಲ್ಲಿದ್ದ. ಇನ್ನೂ ಅರ್ಧ ಗಂಟೆಯ ಎದೆಯಿದೆ, ಬಂಗಾರವನ್ನು ಚರಂಡಿಗೆ ಬಿಡುತ್ತಿದ್ದಾನೆ ಎಂದು ಸಭೆಗೆ ವಿವರಿಸಿದ. ನಖ್ಲೆ ಹೊಸ ಕೊಡ ಇಟ್ಟ, ಅದರಲ್ಲಿ ಇಳಿದದ್ದನ್ನು ಒಂದು ಲೋಟ ತುಂಬಿ, ಎರಡು ಕೈಯಲ್ಲಿ ಗೌರವದಿಂದ ಶಫೀಕನಿಗೆ ಕೊಟ್ಟ. ಶಫೀಕ್ ಬೆಳಕಿಗೆ ಹಿಡಿದು ನೋಡಿದ, ಅಜ್ಜಂದಿರನ್ನು ನೆನೆದ, ಗಟಕ್ಕನೆ ಎತ್ತಿದ. ನೆನೆದ ನಾಯಿಯ ಮೇಲೆ ಒದ್ದೆ ಚಾಪೆ ಹಾಸಿದರೆ ಏನು ವಾಸನೆಯೋ ಅದು ಅವನ ಬಾಯೊಳಗಿತ್ತು. ಉಗುಳಲು ಪ್ರತಿಷ್ಠೆ ಬಿಡಲಿಲ್ಲ. ಕಣ್ಣು ತೇವವಾದವು, ಮೀಸೆ ಒಂದು ಕಡೆಗೆ ವಾಲಿತು, ಗಂಟಲಗಡ್ಡೆ ಮೂರು ಸಲ ಮೇಲೆ ಕೆಳಗೆ ಓಡಾಡಿತು. ನುಂಗಿದ.

ಒಂದು ತುಂಡು ಮಾಂಸ ಅಗಿದ ಮೇಲೆ ದನಿ ಮರಳಿತು. ಸೋಲನ್ನೊಪ್ಪದ ದನಿ.

"ಅಲ್ಲಯ್ಯಾ, ಒಂದು ಗುಟುಕೂ ಕುಡಿಯದೆ, ಕೆಟ್ಟದ್ದು ಯಾವುದು ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

"ಕುಡಿದೋನ ಮುಖ ನೋಡಿ," ಎಂದ ನಖ್ಲೆ.