ಯಾರೂ ದನಿಗೂಡಿಸದ ಹಾಡು

"ಅಕ್ಕ ಹಾಡಿದಳು, ಚಿಕ್ಕಮ್ಮ ಸತ್ತಳು." ನಮ್ಮ ಮನೆಯಲ್ಲಿ ಇವತ್ತಿಗೂ ಈ ಕಥೆ ಹೇಳುವುದು ಹೀಗೆಯೇ. ಮಕ್ಕಳೇ, ನಾನು ಒಪ್ಪುವುದಿಲ್ಲ. ಮಹಾರಾಜರ ಕಾಲದಲ್ಲಿ, ನಾನು ಚಿಕ್ಕವಳಿದ್ದಾಗ, ಹೊಳವನಹಳ್ಳಿಯ ನಮ್ಮ ನಡುಮನೆಯಲ್ಲಿ ತೊಟ್ಟಿಲ ಪಕ್ಕವೇ ಕೂತು ಆ ಹಾಡು ಕೇಳಿದವಳು ನಾನು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಗೊತ್ತು.

ಅಕ್ಕ ಮಧುಗಿರಿಯಲ್ಲಿ ಓದುತ್ತಿದ್ದಳು. ಅಲ್ಲಿ ಅಮೆರಿಕದಿಂದ ಬಂದಿದ್ದ ಟೀಚರಮ್ಮ ಕ್ರಿಸ್‌ಮಸ್‌ಗೆ ಮೊದಲು ಒಂದು ಹಾಡು ಕಲಿಸಿದ್ದರು. ಅವರ ಕಡೆಯ ಹಳ್ಳಿಯವರು ಹಾಡುವಂಥದು: ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸು, ಹೊರಗೆ ಚಳಿ, ಹೊದಿಸಲು ಬಟ್ಟೆಯಿಲ್ಲದ ತಾಯಿ. ಹಾರ್ಮೋನಿಯಂ ಬೇಡ, ಜೊತೆ ಬೇಡ. ಕೈಕಟ್ಟಿ ನಿಂತು ಒಬ್ಬರೇ ಹಾಡಬೇಕು. ಹಾಡಿಗೆ ಟೀಚರಮ್ಮ ಕೊಟ್ಟಿದ್ದ ಮುರುಕು ಕನ್ನಡವನ್ನು ಅಕ್ಕ ತಾನೇ ತಿದ್ದಿಕೊಂಡಿದ್ದಳು.

ಅವಳು ರಜೆಗೆ ಬಂದಾಗ ಚಿಕ್ಕಮ್ಮನ ಮಗುವಿಗೆ ತೊಟ್ಟಿಲು ಶಾಸ್ತ್ರ. ಮನೆಯೆಲ್ಲ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಬಜೆಯ ವಾಸನೆ. ಗೋಡೆಗೊರಗಿದ್ದ ಚಿಕ್ಕಮ್ಮ ಹಾಡುಹಗಲಲ್ಲೇ ಕಂಬಳಿ ಹೊದ್ದು ನಡುಗುತ್ತಿದ್ದಳು. ಅವಳ ತಲೆಯ ಮೇಲಿನ ಗೂಡಿನಲ್ಲಿ ಕೆಂಪು ಔಷಧಿಯ ಸೀಸೆ. ಹೆಂಗಸರ ಸೋಬಾನೆ ಮುಗಿಯಿತು. "ಅಕ್ಕಾ, ನಿನ್ನ ಹೊಸ ಹಾಡು ಹಾಡೇ" ಎಂದವಳು ನಾನೇ.

ನಮ್ಮಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ಅಕ್ಕನ ಹಾಡನ್ನು ಹಿಡಿಯಲು ಯಾರಿಗೂ ಬರಲಿಲ್ಲ. ಪ್ರತಿ ಸಾಲು ಮುಗಿದಾಗಲೂ, ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂಥ ಮೌನ. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹೊದ್ದರು.

ಅಜ್ಜಿ ಎದ್ದೇಬಿಟ್ಟಳು. "ಲೇ, ನಿಲ್ಸೇ! ಒಬ್ಳೇ ರಾಗ ಎಳ್ಯೋದು ಹೆಣದ ಮುಂದೆ ಕಣಮ್ಮ, ತೊಟ್ಲು ಮುಂದೆ ಅಲ್ಲ."

"ಇದು ಕೂಸಿನ ಹಾಡೇ ಕಣಜ್ಜಿ," ಎಂದಳು ಅಕ್ಕ.

"ಬಾಯ್ ಮುಚ್ಚು. ಹಿಂಗೆ ಯಾರ್ನ ಕರೀತಿದ್ದೀಯೇ ನೀನು?"

ಮೂರನೆಯ ದಿನ ಚಿಕ್ಕಮ್ಮ ಹೋದಳು. ಸೂತಕ ಕಳೆದ ಮೇಲೆ ಅಜ್ಜಿಯ ತೀರ್ಪು ಬಂತು: "ಸ್ಕೂಲು ಸಾಕು. ಅಲ್ಲಿ ಕಲ್ತಿದ್ದು ಇದೇ ತಾನೆ?" ಅಕ್ಕನ ಟ್ರಂಕು ಅಟ್ಟ ಸೇರಿತು. ಅಪ್ಪ ಗೂಡಿನ ಸೀಸೆಯನ್ನೇ ನೋಡುತ್ತಾ ನಿಂತಿದ್ದ.

ಈಗ ನನ್ನ ವಾದ ಕೇಳಿ. ಅಕ್ಕ ಹಾಡಿದ್ದು ಮಗುವಿಗೆ. ಆ ಮಗು ಬದುಕಿತು. ನಿಮಗೆ ಕಡಲೆಕಾಯಿ ತಂದುಕೊಡುತ್ತಾನಲ್ಲ, ಆ ಚಿಕ್ಕಜ್ಜನೇ ಅದು. ಹಾಡು ಸಾವನ್ನು ಕರೆಯುವುದಾದರೆ ಆ ಸಾವು ತೊಟ್ಟಿಲು ದಾಟಿ ಗೋಡೆಗೊರಗಿದ್ದವಳ ಕಡೆಗೇಕೆ ಹೋಯಿತು? ಇನ್ನೊಂದು ಮಾತು. ಚಿಕ್ಕಮ್ಮನಿಗೆ ಜ್ವರ ಬಂದದ್ದು ಹಾಡಿಗಿಂತ ಎರಡು ದಿನ ಮೊದಲು. ಔಷಧಿ ತರಲು ಅಪ್ಪ ಕೊರಟಗೆರೆಗೆ ಗಾಡಿ ಕಟ್ಟಿದಾಗ ಜೊತೆಗೆ ನಾನೂ ಹೋಗಿದ್ದೆ. "ಬಾಣಂತಿ ಜ್ವರ, ತಡ ಮಾಡಬೇಡಿ, ಇವತ್ತೇ ಕರಕೊಂಡು ಬನ್ನಿ" ಎಂದರು ಡಾಕ್ಟರು. "ತೊಟ್ಲು ಶಾಸ್ತ್ರ ಒಂದು ಮುಗುದ್ಬುಡ್ಲಿ ಸ್ವಾಮಿ" ಎಂದ ಅಪ್ಪ. ವಾಪಸ್ ಬರುವಾಗ ಆ ಸೀಸೆ ನನ್ನ ತೊಡೆಯ ಮೇಲಿತ್ತು.

ಅಕ್ಕ ಮತ್ತೆ ಹಾಡಲಿಲ್ಲ. ನನಗೆ ಅಕ್ಷರ ಕಲಿಸಿದಳು; ಇದನ್ನು ಬರೆಯುತ್ತಿರುವುದು ಅದರಿಂದಲೇ. ನೀವು ಈಗ ಎದುರಿಗೆ ಫೋನಿಟ್ಟುಕೊಂಡು ಒಬ್ಬೊಬ್ಬರೇ ಹಾಡುತ್ತೀರಿ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ಹಾಡು ನಿಂತು ಚಪ್ಪಾಳೆ ಬೀಳುವ ಮೊದಲು ಒಂದು ಗಳಿಗೆ ಮೌನವಿರುತ್ತದಲ್ಲ, ಆಗ ನಾನು ಗೋಡೆಯ ಮೇಲಿನ ಅಪ್ಪನ ಫೋಟೋದ ಕಡೆ ತಿರುಗುತ್ತೇನೆ.

ಅಪ್ಪಾ, ಡಾಕ್ಟರ ಮಾತು ಕೇಳಿಸಿಕೊಂಡವರು ನಾವಿಬ್ಬರೇ. ನನಗೆ ಏಳು ವರ್ಷ, ಹೆದರಿದ್ದೆ. ಅಕ್ಕನ ಟ್ರಂಕು ಅಟ್ಟಕ್ಕೇರುವಾಗ ನೀನೇಕೆ ಬಾಯಿ ಬಿಡಲಿಲ್ಲ?