ಮಸಿಗಾಜಿನ ಮೇಲೆ ಕಾಕಾನ ಕೈ

ನಮ್ಮ ಕಾಕಾನ ಮೂಗಿನ ತುದಿ ಸದಾ ಕಪ್ಪು. ಚಿಮಣಿಯ ಹೊಗೆ ಹಿಡಿಸಿದ ಗಾಜನ್ನು ಕಣ್ಣಿನ ಹತ್ತಿರ ತಂದು ನೋಡುವಾಗ ಮೊದಲು ತಾಗುತ್ತಿದ್ದುದು ಮೂಗೇ. ಅಷ್ಟು ಉದ್ದ. ದುರ್ಗದಬೈಲಿನ ಪೇಟೆಯಲ್ಲಿ ಮಳೆ ಬಂದರೆ ಅದರ ಕೆಳಗೆ ಇಬ್ಬರು ನಿಲ್ಲಬಹುದು ಎಂದು ನಾನು ಗೆಳತಿಯರಿಗೆ ಹೇಳುತ್ತಿದ್ದೆ. ಕಾಕಾನ ಹೆಂಡತಿ ಕಾಕು, "ಸುಳ್ಳು ಹೇಳಬ್ಯಾಡ. ಒಬ್ಬಾಕಿ ನಿಲ್ಲಬಹುದು," ಎಂದು ತಿದ್ದುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಗೆ ಕಾಕಾ ಪೇಂಟರ. ಆಟ ಶುರುವಾಗುವ ಮುಂಚೆ ಪರದೆಯ ಮೇಲೆ ನಾಟಕದ ಹೆಸರು ಮೂಡಿಸುವುದು ಅವನ ಕೆಲಸ. ಮಸಿಗಾಜನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ದೀಪ ಉರಿಯುತ್ತಿರುವಾಗಲೇ ಸೂಜಿಯಿಂದ ಮಸಿ ಗೀರುತ್ತಿದ್ದ. ಗೀರಿದಲ್ಲೆಲ್ಲ ಬೆಳಕು ನುಗ್ಗಿ, ಕತ್ತಲೆಯ ಪರದೆಯ ಮೇಲೆ ಒಂದು ಬೆಳ್ಳಿಯ ಗೆರೆ ತಾನೇ ಓಡಾಡಿ, ಬಳ್ಳಿಯಾಗಿ, ನವಿಲಾಗಿ, ಕೊನೆಗೆ ಅಕ್ಷರವಾಗಿ ನಿಲ್ಲುತ್ತಿತ್ತು. ಪೆಟ್ಟಿಗೆ ಎಲ್ಲವನ್ನೂ ತಿರುಗಿಸಿ ತೋರಿಸುವುದರಿಂದ ಅವನು ಬರೆಯಬೇಕಾದದ್ದು ತಲೆಕೆಳಗಾಗಿ, ಬಲದಿಂದ ಎಡಕ್ಕೆ. ಅದು ಎಷ್ಟು ರೂಢಿಯಾಗಿತ್ತೆಂದರೆ ಪೇಪರನ್ನೂ ತಲೆಕೆಳಗಾಗಿ ಹಿಡಿದೇ ಓದುತ್ತಿದ್ದ. ನನ್ನ ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು, "ಪಾಪ, ಅವರಿಗೆ ಓದಾಕ ಬರಂಗಿಲ್ಲೇನ್ರಿ?" ಎಂದು ಕೇಳಿ ಮರುಕದಿಂದ ಇನ್ನೊಂದು ಉಂಡಿ ತಿಂದಿದ್ದರು.

ಕಾಕಾ ಹುಟ್ಟಾ ಎಡಚ. ಸಣ್ಣವನಿದ್ದಾಗ ಅಜ್ಜ ಎಡಗೈಗೆ ಬಾರಿಸಿ ಬಾರಿಸಿ ಬಲಗೈ ರೂಢಿ ಮಾಡಿಸಿದ್ದ. ಮದುವೆಯಾದ ಮೇಲೆ ಆ ಕಾವಲು ಕಾಕುವಿನದಾಯಿತು. ಎಡಗೈ ಚಹಾದ ಕಪ್ಪಿನತ್ತ ಹೊರಳಿದರೆ ಸಾಕು, ಅಡುಗೆಮನೆಯಿಂದಲೇ ಕೂಗು: "ಏನ್ರೀ, ಆ ಕೈ ಅಲ್ಲ!" ಗೋಡೆಯಾಚೆಗೂ ಕಾಣುವ ಕಣ್ಣು ಅವಳದು.

ಆ ವರ್ಷ ಜ್ವರ ಬಂದು ಹೋದಮೇಲೆ ಬಲಗೈ ನಡುಗತೊಡಗಿತು. ಚಹಾದ ಬಸಿಯ ಮೇಲೆ ಕಪ್ಪು ಟಕಟಕ ಎನ್ನುವಾಗ ನಾವೆಲ್ಲ ಜೋರಾಗಿ ಮಾತಾಡುತ್ತಿದ್ದೆವು. ಗಾಜಿನ ಮೇಲೆ ಕೂದಲೆಳೆಯಷ್ಟು ನಡುಗಿದರೆ ಪರದೆಯ ಮೇಲೆ ಅದು ಗೇಣುದ್ದ. ಸುದ್ದಿ ಕಂಪನಿಯ ಮಾಲಕರಿಗೆ ಮುಟ್ಟಿತು. ಅವರು ಮನೆಗೇ ಬಂದರು.

"ಪೇಂಟರ, ಮುಂಬೈಯಿಂದ ಛಾಪಿಸಿದ ಸ್ಲೈಡ್ ತರಿಸೇನಿ. ಹೊಸಾ ನಾಟಕದ ಮೊದಲನೇ ಆಟಕ್ಕ ನೀವ ಬರೀರಿ. ಗೆರಿ ನಡುಗಿತಂದ್ರ ಮರುದಿನದಿಂದ ಸ್ಲೈಡ್. ಸಿಟ್ಟಾಗಬ್ಯಾಡ್ರಿ."

"ಇಲ್ರಿ ಮಾಲಕ್ರ. ಸ್ಲೈಡಿಗೆ ಜ್ವರ ಬರಂಗಿಲ್ಲ, ಖರೇ ಐತಿ," ಎಂದು ಕಾಕಾ ನಕ್ಕ. ಅವತ್ತು ಅವನು ಊಟಕ್ಕೆ ಏಳಲಿಲ್ಲ.

ನಾನೋ, ಅಷ್ಟರಲ್ಲಾಗಲೇ ಇಡೀ ತರಗತಿಗೆ ಆಮಂತ್ರಣ ಕೊಟ್ಟುಬಿಟ್ಟಿದ್ದೆ. ನಮ್ಮ ಕಾಕಾ ಬರೆದ ನವಿಲು ಒಮ್ಮೆ ಪರದೆಯಿಂದ ಹಾರಿ ಮಾಲಕರ ಪೇಟದ ಮೇಲೆ ಕೂತಿತ್ತೆಂದೂ ಹೇಳಿದ್ದೆ.

ಆಟದ ದಿನ ಹೆಂಗಸರ ಕಡೆ ಕಾಕುವಿನ ಪಕ್ಕ ಕುಳಿತೆ. ದೀಪಗಳು ಆರಿದವು. ಮೊದಲು ಶ್ರೀಕಾರ ಬೀಳಬೇಕು. ಗೆರೆ ಹೊರಟಿತು, ಅದರ ತುದಿಯಲ್ಲಿ ಒನಕೆಯಷ್ಟು ದಪ್ಪ ಸೂಜಿಯ ನೆರಳು. ಎರಡು ಗೇಣು ಏರುವಷ್ಟರಲ್ಲಿ ಗೆರೆ ಹುಳದಂತೆ ಹೊರಳಾಡಿತು. ಹಿಂದೆ ಯಾರೋ ಕಿಸಕ್ಕೆಂದರು. ಗೀರಿದ ಮಸಿಯನ್ನು ಮತ್ತೆ ಹಚ್ಚಲು ಬರುವುದಿಲ್ಲ. ಗೆರೆ ನಿಂತಿತು.

ಮಾಲಕರು ಎದ್ದು ನಿಂತದ್ದು ಆ ಅರೆಬೆಳಕಿನಲ್ಲೂ ಕಂಡಿತು. ಕಾಕು ನನ್ನ ತೋಳು ಹಿಡಿದಳು. ಅವಳ ಬಳೆಯ ಗುರುತು ಇನ್ನೂ ಇದೆ, ಬೇಕಾದವರಿಗೆ ತೋರಿಸುತ್ತೇನೆ.

"ಕಾಕು, ದೀಪಾ ಹಚ್ಚಿಬಿಡ್ತಾರೇನು?"

"ಬಾಯಿ ಮುಚ್ಚು."

ಆಗ ಸೂಜಿಯ ನೆರಳು ಮತ್ತೆ ಬಂತು. ಈ ಸಲ ಅದು ಇನ್ನೊಂದು ಕಡೆಗೆ ವಾಲಿತ್ತು. ಕಾಕು ಮುಂದಕ್ಕೆ ಬಗ್ಗಿದಳು. "ಯವ್ವಾ... ಕೈ ಬದಲು ಮಾಡ್ಯಾರ."

ಹೊರಳಾಡಿದ ಗೆರೆಯ ಕೆಳಗೆ ಒಂದು ಹಣತೆ ಮೂಡಿತು. ನಡುಕವೆಲ್ಲ ಅದರ ಕುಡಿಯಾಯಿತು, ಗಾಳಿಗೆ ಅಲುಗುವ ಕುಡಿ. ಅದರ ಮೇಲೆ ಶ್ರೀಕಾರ, ಆಮೇಲೆ ನಾಟಕದ ಹೆಸರು, ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯವಾಗಿ. ಚಪ್ಪಾಳೆಗೆ ತಗಡಿನ ಮಾಡು ಹಾರಿ ದೂರದ ನವನಗರದಲ್ಲಿ ಬಿತ್ತು. ಸರಿ, ಹಾರಲಿಲ್ಲ. ಅಲುಗಿದ್ದಂತೂ ಹೌದು.

ಕಾಕು ನನ್ನನ್ನು ಎಳೆದುಕೊಂಡು ದೀಪದ ಪೆಟ್ಟಿಗೆಯಿದ್ದ ಹಿಂದಿನ ಅಟ್ಟಕ್ಕೆ ಹೋದಳು. ಮಾಲಕರು ಆಗಲೇ ಅಲ್ಲಿದ್ದರು.

"ಎಡಗೈಲೇ ಶ್ರೀಕಾರ ಹಾಕಿದ್ರೇನು? ಮೊದಲನೇ ಆಟಕ್ಕ? ಕಂಪನಿ ಮುಣಗಿಸ್ತೀರೇನು?"

ಕಾಕಾ ಬಾರಿಸಿಕೊಳ್ಳಲಿರುವ ಹುಡುಗನಂತೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

ಕಾಕು ಸೆರಗಿನ ಗಂಟು ಬಿಚ್ಚಿ, ಸಂಜೆ ರಂಗಪೂಜೆಯಲ್ಲಿ ಕೊಟ್ಟಿದ್ದ ಕಲ್ಲುಸಕ್ಕರೆ ತೆಗೆದಳು.

"ಏನ್ರೀ, ಪ್ರಸಾದ ತಗೋರಿ."

ಕಾಕಾ ಬಲಗೈ ಚಾಚಿದ. ಅದು ನಡುಗುತ್ತಿತ್ತು.

"ಆ ಕೈ ಅಲ್ಲ," ಎಂದಳು ಕಾಕು.

ಬೆನ್ನ ಹಿಂದಿನಿಂದ ಎಡಗೈ ಮೆಲ್ಲಗೆ ಮುಂದೆ ಬಂತು. ಬೆರಳೆಲ್ಲ ಮಸಿ. ಕಾಕು ಅದರಲ್ಲಿ ಸಕ್ಕರೆ ಇಟ್ಟು ಮುಷ್ಟಿ ಮುಚ್ಚಿಸಿ, ಮಾಲಕರ ಕಡೆ ತಿರುಗಿ, "ನಿಮಗೂ ಕೊಡ್ಲೇನ್ರಿ?" ಎಂದಳು. ಅವರು ಒಂದು ಚೂರು ತೆಗೆದುಕೊಂಡು ಇಳಿದುಹೋದರು. ಮುಂಬೈಯ ಸ್ಲೈಡು ಆ ಕ್ಯಾಂಪಿನಲ್ಲಿ ಪೆಟ್ಟಿಗೆ ಬಿಟ್ಟು ಹೊರಬರಲಿಲ್ಲ.

ಕಾಕಾ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಮಣ್ಣು ಮಾಡುವ ಮುಂಚೆ ಮೂಗಿನ ತುದಿಯ ಮಸಿಯನ್ನು ಯಾರೋ ಒರೆಸಲು ಹೋದಾಗ ಕಾಕು ಬಿಡಲಿಲ್ಲ. ಇದರಲ್ಲಿ ನಾನು ಏನನ್ನೂ ಉಬ್ಬಿಸಿ ಹೇಳುತ್ತಿಲ್ಲ.

ಮೂರನೆಯ ದಿನ ಅವನ ಫೋಟೋದ ಮುಂದೆ ಇಷ್ಟದ ತಿಂಡಿಗಳನ್ನೆಲ್ಲ ಇಟ್ಟೆವು. ಕಾಕಾನ ತಂಗಿ, ನಮ್ಮ ಅತ್ತೆ, ಚಹಾದ ಕಪ್ಪು ತಂದಿಟ್ಟಳು. ಕಾಕು ಬಂದು ನೋಡಿ, ಬಗ್ಗಿ, ಕಪ್ಪಿನ ಹಿಡಿಕೆಯನ್ನು ಅವನ ಎಡಗೈಯ ಕಡೆಗೆ ತಿರುಗಿಸಿದಳು.