ಹೆಚ್ಚು ಬರೆಸಿದ ಒಂದು ವರ್ಷ

ಶಾಲುಬಾಯಿಗೆ ಜನ್ಮದಲ್ಲಿ ಜಂಬ ಕೊಚ್ಚಲು ಇದ್ದದ್ದು ಒಂದೇ ಕತೆ. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹಸನು ಮಾಡುತ್ತಾ ಹೇಳಿದಳು, ಬೀದರಿನ ಆಟೋಗಳಲ್ಲಿ ಹೇಳಿದಳು, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಬಿಡಲಿಲ್ಲ. ಅದು ಮೊಮ್ಮಗಳು ಆಮ್ರಪಾಲಿಯನ್ನು ಶಾಲೆಗೆ ಹಾಕಿದ ಕತೆ.

ಮಗ ಗೋರಖನಾಥ ಆಗ ವಾಯುಪಡೆಯಲ್ಲಿ ಇಂಜಿನ್ ಮೆಕ್ಯಾನಿಕ್, ದೂರದ ಅಸ್ಸಾಮಿನಲ್ಲಿದ್ದ. ಸೊಸೆ ಮಹಾಮಾಯಾ ಭಾಲ್ಕಿ ತಾಲೂಕಿನ ಮೆಹಕರದ ಮನೆಯಲ್ಲೇ ಹಡೆದಿದ್ದಳು, ಹುಟ್ಟಿದ ತಾರೀಕು ಎಲ್ಲೂ ಬರೆಸಿರಲಿಲ್ಲ. ಹುಡುಗಿ ಓಣಿಯ ಮಕ್ಕಳ ಹಿಂದೆ ಶಾಲೆಯ ಬಾಗಿಲ ತನಕ ಹೋಗುವುದು, ಒಳಗೆ ಬಿಡಲಿಲ್ಲವೆಂದು ಅಳುತ್ತಾ ಬರುವುದು. ಶಾಲುಬಾಯಿಯನ್ನು ಅವಳಪ್ಪ ಎರಡನೇ ಇಯತ್ತೆಗೇ ಬಿಡಿಸಿ ಕಳೆ ಕೀಳಲು ಕಳಿಸಿದ್ದ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಮೊಮ್ಮಗಳ ಕೈ ಹಿಡಿದು ಸೀದಾ ಮಾಸ್ತರರ ಮುಂದೆ ನಿಂತಳು.

ಭಾಲಚಂದ್ರ ಮಾಸ್ತರ ಹುಡುಗಿಯನ್ನು ನೋಡಿ, “ವಯಸ್ಸ ಸಾಲೂದಿಲ್ರಿ ಬಾಯಿ. ಒಂದ್ ವರ್ಷ ತಡೀರಿ” ಅಂದರು.

“ತಡದ ತಡದ ನಾ ಮುದುಕಿ ಆದೆನ್ರಿ. ಒಂದ್ ವರ್ಷ ಹೆಚ್ಚ ಬರಕೋರಿ, ನಿಮ್ಮ ಗಂಟೇನ ಹೋಗ್ತದ?”

ಮಾಸ್ತರ ನಕ್ಕರು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ ಒಂದು ಬರೆಯುವುದು ವಾಡಿಕೆ. ಹಾಗೆ ನೋಡಿದರೆ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ! ಅದನ್ನೇ ಬರೆದು, ವರ್ಷವನ್ನು ಮಾತ್ರ ಒಂದು ಹಿಂದಕ್ಕೆ ಸರಿಸಿದರು. ಮುಂದೆ ಹುಡುಗಿಯ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಎಲ್ಲವೂ ಆ ಒಂದು ಸಾಲಿನ ಮೇಲೆಯೇ ನಿಂತವು.

ಆಮ್ರಪಾಲಿಗೆ ತಮ್ಮ ಸ್ವಪ್ನಿಲ ಹುಟ್ಟಿದ ಮೇಲೆ ಗೋರಖನಾಥ ನಿವೃತ್ತನಾಗಿ ಬಂದು ಬೀದರಿನಲ್ಲಿ ಮನೆ ಮಾಡಿದ, ಹೈದರಾಬಾದಿನಲ್ಲಿ ಹೆಲಿಕಾಪ್ಟರ್ ರಿಪೇರಿಯ ಕೆಲಸ ಹಿಡಿದ. ಅವನ ಕೈಗುಣ ಕಂಡ ಅಮೆರಿಕದ ಕಂಪನಿಯೊಂದು ಅವನನ್ನು ಕಾಯಂ ಆಗಿ ಕರೆಸಿಕೊಳ್ಳಲು ಅಲ್ಲಿಯ ಸರ್ಕಾರಕ್ಕೆ ಅರ್ಜಿ ಹಾಕಿತು. ಕೆಲವೇ ತಿಂಗಳಲ್ಲಿ ಮಂಜೂರು. ಶಾಲುಬಾಯಿ ಓಣಿಗೆಲ್ಲ ಪೇಡೆ ಹಂಚಿದಳು. ಆಮೇಲೆ ತಿಳಿಯಿತು, ಮಂಜೂರಾದದ್ದು ಹೋಗಲಿಕ್ಕಲ್ಲ, ಸರದಿಯಲ್ಲಿ ನಿಲ್ಲಲಿಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಭಾರತದಲ್ಲಿ ಹುಟ್ಟಿದವರ ಸರದಿ ಹನುಮಂತನ ಬಾಲ. ಸರದಿ ಬಂದಾಗ ಇಪ್ಪತ್ತೊಂದು ತುಂಬದ ಮಕ್ಕಳು ಮಾತ್ರ ಅಪ್ಪ ಅಮ್ಮನ ಜೊತೆ ಹೋಗಬಹುದು.

ಹನ್ನೆರಡು ವರ್ಷ ಕಾದರು. ಆಮ್ರಪಾಲಿ ಅಪ್ಪನ ಹಾಗೆಯೇ ವಿಮಾನದ ಹುಚ್ಚು ಹಿಡಿಸಿಕೊಂಡು ಇಂಜಿನಿಯರಿಂಗ್ ಓದಿದಳು. ಅಲ್ಲಿ ಹೋಗಿ ಯಾವ ಊರಲ್ಲಿ ಏನು ಕಲಿಯಬೇಕೆಂಬುದೂ ಅವಳಿಗೆ ಬಾಯಿಪಾಠ. ಕಡೆಗೂ ಸರದಿ ಬಂತು. ಸುದ್ದಿ ಕೇಳಿ ಪಕ್ಕದ ಮನೆಯ ಅಂಜನಾಬಾಯಿ ಓಡಿ ಬಂದಳು. ಬಂದವಳ ಮುಂದೆ ಶಾಲುಬಾಯಿ ಸುಮ್ಮನಿದ್ದಾಳೆಯೇ?

“ಎಲ್ಲಾ ನನ್ನ ಶ್ಯಾಣ್ಯಾತನ ನೋಡವ್ವಾ. ಅವತ್ತ ಒಂದ್ ವರ್ಷ ಹೆಚ್ಚ ಬರಸದಿದ್ರ ಈ ಹುಡುಗಿ ಇನ್ನೂ ಕಾಲೇಜ್‌ದಾಗೇ ಇರ್ತಿತ್ತು.”

ಯಾರೂ ನಗಲಿಲ್ಲ. ಮಹಾಮಾಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಗೋರಖನಾಥ ನೆಲ ನೋಡಿದ.

“ಅವ್ವಾ, ಆ ಮಾತ ಇನ್ನ ಸಾಕ ಮಾಡು” ಅಂದ.

“ಯಾಕ? ಸುಳ್ಳೇನ?”

ಆಮ್ರಪಾಲಿ ಎದ್ದು ನಿಂತಳು. “ಕಾಗದದಾಗ ನನಗ ಇಪ್ಪತ್ತೊಂದ ದಾಟ್ಯದ, ಆಯಿ. ಖರೆ ವಯಸ್ಸ ಇಪ್ಪತ್ತು. ಅವರು ಕಾಗದ ನೋಡ್ತಾರ. ಹೋಗೋರ ಯಾದ್ಯಾಗಿಂದ ನನ್ನ ಹೆಸರ ಹೋಯ್ತು.”

ಶಾಲುಬಾಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಎಷ್ಟು ವರ್ಷ, ಎಷ್ಟು ಮಂದಿಯ ಮುಂದೆ ಕೊಚ್ಚಿಕೊಂಡಿದ್ದಳು! ಅವಳಿಗೆ ತನ್ನ ನಾಲಿಗೆಯ ಮೇಲೆಯೇ ಹೇಸಿಕೆ ಬಂತು.

ಮರುದಿನ ಯಾರಿಗೂ ಹೇಳದೆ ಔರಾದ ಬಸ್ಸು ಹತ್ತಿದಳು. ನಿವೃತ್ತರಾದ ಮಾಸ್ತರ ಈಗ ಅಲ್ಲಿಯೇ ಇದ್ದರು. ಅವರು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಮಾಸ್ತರ, ನಾ ಅವತ್ತ ಹೆಚ್ಚ ಬರಸಿದ ವರ್ಷ ತಿರುಗಿ ಕೊಡ್ರಿ.”

ಎಲ್ಲ ಕೇಳಿದ ಮೇಲೆ ಮಾಸ್ತರರ ಮೋರೆ ಬಾಡಿತು. “ನಿಮ್ಮ ಮಾತ ಕೇಳಿ ಬರದವ ನಾನ್ರಿ ಬಾಯಿ, ನನ್ನದೂ ತಪ್ಪದ” ಎಂದರು. ತಪ್ಪು ಒಪ್ಪಿಕೊಂಡು ಒಂದು ಹಾಳೆ ಬರೆದು ಸಹಿ ಮಾಡಿದರು. ಶಾಲುಬಾಯಿ ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದಳು. ದಾರಿಯುದ್ದಕ್ಕೂ ಎದೆ ಮೇಲಿನ ಕೈ ತೆಗೆಯಲಿಲ್ಲ.

ಗೋರಖನಾಥ ಓದಿದ. ಓದಿ ಮಡಚಿದ.

“ವಕೀಲರಿಗೆ ಕೇಳೀನಿ, ಅವ್ವಾ. ಈಗ ಇದನ್ನ ಕೊಟ್ರ, ಪಾಸ್‌ಪೋರ್ಟೇ ಸುಳ್ಳ ಅಂತಾರ. ಉಳದ ಮೂರೂ ಮಂದೀದೂ ಹೋಗ್ತದ.”

“ಹಂಗಾರ ನನ್ನ ಜೇಲಿಗಿ ಹಾಕ್ರಿ ಅನ್ನು. ಸುಳ್ಳ ಹೇಳಿದಾಕಿ ನಾನು, ಅದರಾಗ ಹುಡುಗೀದ ಏನ ತಪ್ಪದ?”

“ಅವರಿಗಿ ನೀ ಯಾರು, ಅವ್ವಾ?” ಎಂದು ಹಾಳೆಯನ್ನು ತಿರುಗಿ ಅವಳ ಕೈಗೇ ಇಟ್ಟ.

ಓದಲಿಕ್ಕೆಂದು ಬೇರೆ ವೀಸಾ ಕೇಳಿದರೂ ಆಸೆಯಿಲ್ಲ ಎಂದಿದ್ದ ವಕೀಲ. ಮನೆಮಂದಿಯೆಲ್ಲ ಅಲ್ಲೇ ಇರುವಾಗ ಈಕೆ ತಿರುಗಿ ಬರುತ್ತಾಳೆಂದು ಯಾರು ನಂಬುತ್ತಾರೆ? ಅಪ್ಪ ಅಲ್ಲಿ ಹೋಗಿ ಮಗಳಿಗಾಗಿ ಅರ್ಜಿ ಹಾಕಬಹುದು. ಅದಕ್ಕೂ ಮತ್ತೊಂದು ಸರದಿ, ಮತ್ತಷ್ಟು ವರ್ಷ.

ಗೋರಖನಾಥ ಹೋಗುವುದೇ ಬೇಡವೆಂದ. ಹಟ ಹಿಡಿದು ಒಪ್ಪಿಸಿದವಳು ಆಮ್ರಪಾಲಿಯೇ. ತಮ್ಮ ಸ್ವಪ್ನಿಲನಿಗೆ ಇನ್ನೂ ಹದಿನಾಲ್ಕು. “ನನ್ನದಂತೂ ಹೋಯ್ತು, ಪಪ್ಪಾ. ಅವನದೂ ಹಾಳ ಮಾಡಬ್ಯಾಡ್ರಿ” ಎಂದಳು. ಅಪ್ಪನ ಪೆಟ್ಟಿಗೆಯನ್ನು ಅವಳೇ ಕಟ್ಟಿದಳು.

ಹೊರಡುವ ದಿನ ಹೈದರಾಬಾದಿಗೆ ಕಾರು ಬಂತು. ಮಹಾಮಾಯಾ ಮಗಳನ್ನು ತಬ್ಬಿ ಬಿಡಲೊಲ್ಲಳು, ಗಂಡನೇ ಬಿಡಿಸಿದ. ಅತ್ತೆಯ ಕಾಲು ಮುಟ್ಟಿದಳು, ಮುಖ ಮಾತ್ರ ನೋಡಲಿಲ್ಲ. ಕಾರು ಹೋಯಿತು. ಅಂಜನಾಬಾಯಿಯೂ ತನ್ನ ಮನೆಗೆ ನಡೆದಳು.

ಅಂಗಳದಲ್ಲಿ ಇಬ್ಬರೇ ಉಳಿದರು. ಸುದ್ದಿ ತಿಳಿದಂದಿನಿಂದ ಆಮ್ರಪಾಲಿ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ದಳು, ಗುಳಿಗೆ ಕೊಟ್ಟಿದ್ದಳು, ಒಂದೇ ಒಂದು ಬಿರುಸು ಮಾತಾಡಿರಲಿಲ್ಲ. ಅದನ್ನು ತಾಳಿಕೊಳ್ಳುವುದೇ ಶಾಲುಬಾಯಿಗೆ ಕಷ್ಟವಾಗಿತ್ತು.

“ಬೈಯವ್ವಾ ನನಗ” ಎಂದು ಮೊಮ್ಮಗಳ ಕೈ ಹಿಡಿದಳು. “ಬಾಯಿಗಿ ಬಂದಂಗ ಬೈ. ಒಂದ್ ಸಲ ಬೈದ ಬಿಡು.”

ಆಮ್ರಪಾಲಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಬೈದ್ರ ನಿನ್ನ ಮನಸ್ಸ ಹಗುರ ಆಗ್ತದ, ಆಯಿ. ನಾ ಬೈಯೂದಿಲ್ಲ.”

ಒಳಗೆ ಹೋಗಿ ಅವ್ವನ ಕೋಣೆಯ ಬಾಗಿಲು ಹಾಕಿಕೊಂಡಳು.